ಕಪ್ಪು ಆಕ್ಸ್‌ಫರ್ಡ್ ವಾದದ ಖಂಡನೆ

ಗಂಡಸರ ಉಡುಪಿನ ಬಗ್ಗೆ ಸಲಹೆ ಕೊಡುವವರು ಬಹುಕಾಲದಿಂದ ಒಮ್ಮತದಿಂದ ಹೇಳುತ್ತ ಬಂದಿರುವ ಮಾತೊಂದಿದೆ: ಒಳ್ಳೆಯ ಶೂ ಒಂದೇ ಜೊತೆ ಕೊಳ್ಳುವುದಾದರೆ ಅದು ಕಪ್ಪು ಬಣ್ಣದ ಆಕ್ಸ್‌ಫರ್ಡ್ ಆಗಿರಲಿ, ಏಕೆಂದರೆ ಅದು ಕಚೇರಿಗೂ ಸಲ್ಲುತ್ತದೆ, ಸಂದರ್ಶನಕ್ಕೂ ಸಲ್ಲುತ್ತದೆ, ಮದುವೆಯ ಆರತಕ್ಷತೆಗೂ ಸಲ್ಲುತ್ತದೆ. ಉಡುಪಿನ ಕೈಪಿಡಿಗಳು, ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿದಾರರು, ಶೂ ಅಂಗಡಿಯವರು, ಮಗನಿಗೆ ಮೊದಲ ಕೆಲಸ ಸಿಕ್ಕಾಗ ಅವನನ್ನು ಅಂಗಡಿಗೆ ಕರೆದೊಯ್ಯುವ ತಂದೆಯಂದಿರು, ಎಲ್ಲರೂ ಬೇರೆ ವಿಷಯಗಳಲ್ಲಿ ಎಷ್ಟೇ ಭಿನ್ನರಾದರೂ ಇದರಲ್ಲಿ ಒಂದಾಗುತ್ತಾರೆ. ಇಷ್ಟು ಸಲ ಕೇಳಿಬಂದ ಮಾತನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಪರೀಕ್ಷಿಸಿದರೆ ಅದು ನಿಲ್ಲುವುದೂ ಇಲ್ಲ. ಹಗಲು ಹೊತ್ತು ತೊಡುವ ಶೂಗಳಲ್ಲಿ ಕಪ್ಪು ಆಕ್ಸ್‌ಫರ್ಡ್ ಅತ್ಯಂತ ಔಪಚಾರಿಕವಾದದ್ದು ಎಂಬುದು ನಿಜ, ಮತ್ತು ಆ ಕಾರಣಕ್ಕಾಗಿಯೇ ಅದು ಬಹಳ ಕಡಿಮೆ ಉಡುಪುಗಳಿಗೆ ಒಪ್ಪುತ್ತದೆ ಎಂಬುದೂ ಅಷ್ಟೇ ನಿಜ. ಇಂದಿನ ಕಚೇರಿಯ ಉಡುಪಿಗೂ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸಂದರ್ಭಗಳಿಗೂ ಒಂದೇ ಜೊತೆ ಸಾಕಾಗಬೇಕು ಎನ್ನುವವನಿಗೆ ಸಲ್ಲುವುದು ಕಡುಕಂದು ಬಣ್ಣದ, ಅಲಂಕಾರವಿಲ್ಲದ ಡರ್ಬಿಯೇ ಹೊರತು ಕಪ್ಪು ಆಕ್ಸ್‌ಫರ್ಡ್ ಅಲ್ಲ.

ಆಕ್ಸ್‌ಫರ್ಡ್ ಮತ್ತು ಡರ್ಬಿಗಳ ನಡುವಿನ ವ್ಯತ್ಯಾಸ ಇರುವುದು ಬಣ್ಣದಲ್ಲಲ್ಲ, ಹೊಲಿಗೆಯಲ್ಲಿ. ಶೂವಿನ ಮೇಲುಭಾಗದಲ್ಲಿ ಮುಖ್ಯವಾಗಿ ಎರಡು ಅಂಗಗಳಿರುತ್ತವೆ: ಬೆರಳುಗಳನ್ನೂ ಮುಂಗಾಲನ್ನೂ ಮುಚ್ಚುವ ಮುಂದಿನ ತುಂಡಿಗೆ ವ್ಯಾಂಪ್ ಎನ್ನುತ್ತಾರೆ, ಹಿಮ್ಮಡಿಯನ್ನು ಬಳಸಿ ಎರಡೂ ಬದಿಯಿಂದ ಮುಂದಕ್ಕೆ ಬಂದು ಲೇಸಿನ ತೂತುಗಳನ್ನು ಹೊತ್ತಿರುವ ತುಂಡುಗಳಿಗೆ ಕ್ವಾರ್ಟರ್ ಎನ್ನುತ್ತಾರೆ. ಆಕ್ಸ್‌ಫರ್ಡ್‌ನಲ್ಲಿ ಕ್ವಾರ್ಟರುಗಳ ಅಂಚನ್ನು ವ್ಯಾಂಪಿನ ಅಡಿಗೆ ಸೇರಿಸಿ ಹೊಲಿದಿರುತ್ತಾರಾದ್ದರಿಂದ, ಲೇಸು ಬಿಗಿದಾಗ ಎರಡೂ ಅಂಚುಗಳು ಕೂಡಿಕೊಂಡು ನಡುವೆ ಒಂದು ಗೆರೆಯಷ್ಟೇ ಉಳಿಯುತ್ತದೆ. ಡರ್ಬಿಯಲ್ಲಿ ಕ್ವಾರ್ಟರುಗಳು ವ್ಯಾಂಪಿನ ಮೇಲೆ ಕೂತಿರುತ್ತವೆ. ಅವುಗಳ ಕೆಳತುದಿ ಬಿಡಿಯಾಗಿರುವುದರಿಂದ ಲೇಸು ಸಡಿಲಿಸಿದರೆ ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ. ಇವುಗಳಿಗೆ ಅಂಟಿಕೊಂಡಿರುವ ಇತರ ಹೆಸರುಗಳೂ ಅವುಗಳ ಗುಣವನ್ನು ಸೂಚಿಸುತ್ತವೆ. ಆಕ್ಸ್‌ಫರ್ಡ್‌ಗೆ ಬಾಲ್ಮೋರಲ್ ಎಂಬ ಹೆಸರೂ ಇದ್ದು, ಅದು ವಿಕ್ಟೋರಿಯಾ ರಾಣಿಯ ಸ್ಕಾಟ್ಲೆಂಡಿನ ಅರಮನೆಯದು; ಡರ್ಬಿಯ ಹತ್ತಿರದ ಸೋದರ ಮಾದರಿಗೆ ಇರುವ ಹೆಸರು 1815ರ ವಾಟರ್ಲೂ ಯುದ್ಧದಲ್ಲಿ ವೆಲಿಂಗ್ಟನ್ನನ ನೆರವಿಗೆ ಬಂದ ಪ್ರಷ್ಯದ ದಂಡನಾಯಕ ಬ್ಲೂಶರನದು. ಒಂದು ಆಸ್ಥಾನದ ಕಡೆಗೂ ಇನ್ನೊಂದು ದಂಡಿನ ಕಡೆಗೂ ಮುಖ ಮಾಡಿದೆ.

ಆಕ್ಸ್‌ಫರ್ಡ್‌ನ ಚೆಲುವು ಇರುವುದು ಅದರ ಮುಚ್ಚಿದ, ನಯವಾದ ಮೈಯಲ್ಲಿ. ಆದರೆ ಆ ನಯವು ಮೇಲಿನ ಉಡುಪಿನಿಂದಲೂ ಅಷ್ಟೇ ನಯವನ್ನು ಬೇಡುತ್ತದೆ ಎಂಬುದನ್ನು ಸಲಹೆಗಾರರು ಮರೆಯುತ್ತಾರೆ. ಇಸ್ತ್ರಿಯ ಮಡಿಕೆ ಕತ್ತಿಯಂತೆ ನಿಂತ ಉಣ್ಣೆಯ ಸೂಟಿನ ಕೆಳಗೆ ಅದು ಒಪ್ಪುವಂತೆ, ತೊಳೆದು ಮೆತ್ತಗಾದ ಹತ್ತಿಯ ಚಿನೋ ಪ್ಯಾಂಟಿನ ಕೆಳಗೆ ಒಪ್ಪುವುದಿಲ್ಲ. ಚಿನೋ ಎಂದರೆ ಓರೆ ಎಳೆಯ ಗಟ್ಟಿ ಹತ್ತಿಬಟ್ಟೆಯಲ್ಲಿ ಹೊಲಿದ, ಜೀನ್ಸಿಗಿಂತ ಶಿಸ್ತಿನ, ಸೂಟಿನ ಪ್ಯಾಂಟಿಗಿಂತ ಸಡಿಲ ಸ್ವಭಾವದ ಪ್ಯಾಂಟು. ಬಿಸಿನೆಸ್ ಕ್ಯಾಷುಯಲ್ ಎಂಬ ಉಡುಪಿನ ಪದ್ಧತಿ, ಅಂದರೆ ಟೈ ಮತ್ತು ಸೂಟುಗಳನ್ನು ಬಿಟ್ಟುಕೊಟ್ಟು ಕಾಲರಿನ ಅಂಗಿ, ಅಚ್ಚುಕಟ್ಟಾದ ಪ್ಯಾಂಟು, ಬೇಕಿದ್ದರೆ ಮೇಲೊಂದು ಬ್ಲೇಜರು ಎಂಬ ವ್ಯವಸ್ಥೆ, ಬಹುಮಟ್ಟಿಗೆ ಈ ಚಿನೋದ ಮೇಲೆಯೇ ನಿಂತಿದೆ. ಅಂಥ ಪ್ಯಾಂಟಿನ ಕೆಳಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಆಕ್ಸ್‌ಫರ್ಡ್ ಕಂಡರೆ, ಆ ಮನುಷ್ಯ ಸೂಟನ್ನು ಮನೆಯಲ್ಲಿ ಮರೆತು ಬಂದಿದ್ದಾನೆ ಎಂದೇ ತೋರುತ್ತದೆ. ರೇಷ್ಮೆ ಪಂಚೆಯುಟ್ಟು ಸಂತೆಗೆ ಹೋದವನನ್ನು ಊರಿನವರು ಗೌರವಿಸುವುದಿಲ್ಲ, ಏನು ವಿಶೇಷ ಎಂದು ಕೇಳುತ್ತಾರೆ.

ಪ್ರಚಲಿತ ವಾದದ ಮೂಲದೋಷ ಇಲ್ಲಿಯೇ ಇದೆ. ಔಪಚಾರಿಕತೆಯನ್ನೇ ಬಹೂಪಯೋಗವೆಂದು ಅದು ಭಾವಿಸಿಬಿಡುತ್ತದೆ. ಮೇಲಿನ ಮೆಟ್ಟಿಲಲ್ಲಿ ನಿಲ್ಲಬಲ್ಲದ್ದು ಕೆಳಗಿನ ಮೆಟ್ಟಿಲುಗಳಲ್ಲಿ ಸಹಜವಾಗಿ ನಿಲ್ಲುತ್ತದೆ ಎಂದು ಊಹಿಸುತ್ತದೆ. ಉಡುಪಿನ ಲೋಕದಲ್ಲಿ ಹಾಗಾಗುವುದಿಲ್ಲ. ಒಂದು ವಸ್ತು ಎಷ್ಟು ಸಂದರ್ಭಗಳಿಗೆ ಸಲ್ಲುತ್ತದೆ ಎಂಬುದು, ಅದು ಮೇಲಕ್ಕೆ ಎಷ್ಟು ದೂರ ಹೋಗಬಲ್ಲದು ಮತ್ತು ಕೆಳಕ್ಕೆ ಎಷ್ಟು ದೂರ ಇಳಿಯಬಲ್ಲದು ಎಂಬ ಎರಡರ ಮೊತ್ತ. ಕಪ್ಪು ಆಕ್ಸ್‌ಫರ್ಡ್ ಮೇಲಕ್ಕೆ ಕಪ್ಪು ಸೂಟಿನವರೆಗೂ ಹೋಗುತ್ತದೆ. ಕೆಳಕ್ಕೆ ಬೂದುಬಣ್ಣದ ಉಣ್ಣೆಯ ಪ್ಯಾಂಟಿಗೆ ಬಂದು ನಿಂತುಬಿಡುತ್ತದೆ. ಕಡುಕಂದು ಡರ್ಬಿಯಾದರೋ ಮೇಲಕ್ಕೆ ಕಡುನೀಲಿ ಮತ್ತು ಬೂದು ಸೂಟುಗಳವರೆಗೆ ತಲೆತಗ್ಗಿಸದೆ ಹೋಗುತ್ತದೆ, ಕೆಳಕ್ಕೆ ಎಲ್ಲ ಬಣ್ಣದ ಚಿನೋಗಳನ್ನು ದಾಟಿ ಮಾಸದ ಕಡುನೀಲಿ ಜೀನ್ಸಿನವರೆಗೆ ಇಳಿಯುತ್ತದೆ. ಅದು ಕಳೆದುಕೊಳ್ಳುವುದು ಕಪ್ಪು ಸೂಟನ್ನೂ ರಾತ್ರಿಯೂಟದ ಔಪಚಾರಿಕ ಉಡುಪನ್ನೂ ಮಾತ್ರ. ವರ್ಷದ ದಿನಗಳಲ್ಲಿ ಇವೆರಡನ್ನು ತೊಡುವ ಸಂದರ್ಭ ಎಷ್ಟು ಜನಕ್ಕೆ ಎಷ್ಟು ಸಲ ಬರುತ್ತದೆ ಎಂದು ಕೇಳಿಕೊಂಡರೆ ವಾದ ಅರ್ಧ ಮುಗಿದಂತೆ.

ಬಣ್ಣದ ವಿಚಾರವೂ ಇದೇ ಜಾಡಿನದು. ಕಪ್ಪು ಎಲ್ಲಕ್ಕೂ ಹೊಂದುತ್ತದೆ ಎಂಬ ನಂಬಿಕೆ, ಕಪ್ಪು ಬಣ್ಣವೇ ಅಲ್ಲ ಎಂಬ ಭಾವನೆಯಿಂದ ಹುಟ್ಟಿದ್ದು. ವಾಸ್ತವವಾಗಿ ಗೋಧಿಬಣ್ಣದ, ಮಣ್ಣುಬಣ್ಣದ, ಆಲಿವ್ ಹಸಿರಿನ ಪ್ಯಾಂಟಿನ ಕೆಳಗೆ ಕಪ್ಪು ಶೂ ಎರಡು ಮಸಿಯ ಚುಕ್ಕೆಗಳಾಗಿ ಉಳಿದು ನೋಟವನ್ನು ಪಾದಕ್ಕೆ ಎಳೆಯುತ್ತದೆ. ಕಂದು ಈ ಬಣ್ಣಗಳ ಬಳಗಕ್ಕೇ ಸೇರಿದ್ದು. ಕಡುನೀಲಿಯೊಡನೆ ಅದು ವಿರೋಧದಿಂದ ಹೊಂದುತ್ತದೆ, ಖಾಕಿಯೊಡನೆ ಸಾಮ್ಯದಿಂದ. ಈ ಸಂಗತಿ ಸರ್ಕಾರಕ್ಕೂ ತಿಳಿದಿದೆ: ಪೊಲೀಸ್ ಅಧಿಕಾರಿಗಳ ಖಾಕಿ ಸಮವಸ್ತ್ರದ ಜೊತೆಗೆ ಬರುವುದು ಕಂದು ಶೂ, ಕಂದು ಬೆಲ್ಟು.

ಇಷ್ಟು ಸರಳವಾದ ವಿಷಯದಲ್ಲಿ ಇಷ್ಟು ಗಟ್ಟಿಯಾದ ತಪ್ಪು ಕಲ್ಪನೆ ಬೇರೂರಿದ್ದು ಹೇಗೆ ಎಂಬುದಕ್ಕೆ ಉತ್ತರ ಲಂಡನ್ನಿನಲ್ಲಿದೆ. ಅಲ್ಲಿನ ಹಣಕಾಸಿನ ಕೇಂದ್ರವಾದ ಸಿಟಿ ಎಂಬ ಪ್ರದೇಶದಲ್ಲಿ ಪಟ್ಟಣಕ್ಕೆ ಕಪ್ಪು, ಹಳ್ಳಿಗೆ ಕಂದು ಎಂಬ ಕಟ್ಟುಪಾಡು ಬಹುಕಾಲ ನಡೆಯಿತು. ಕಂದು ಶೂ ಎಂದರೆ ಬೇಟೆ, ಕುದುರೆ, ತೋಟದ ಮನೆ. ಇದು ಸೌಂದರ್ಯದ ನಿಯಮವಾಗಿರಲಿಲ್ಲ, ಒಳಗಿನವರನ್ನೂ ಹೊರಗಿನವರನ್ನೂ ಬೇರ್ಪಡಿಸುವ ಗುರುತಾಗಿತ್ತು. ಬ್ರಿಟನ್ನಿನ ಸಾಮಾಜಿಕ ಚಲನಶೀಲತೆಯ ಆಯೋಗವು 2016ರಲ್ಲಿ ಹೊರತಂದ ವರದಿಯೊಂದು ಇದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿತು: ಹೂಡಿಕೆ ಬ್ಯಾಂಕುಗಳ ಸಂದರ್ಶನಗಳಲ್ಲಿ ಸೂಟಿನೊಡನೆ ಕಂದು ಶೂ ತೊಟ್ಟು ಬಂದ, ಸಾಮಾನ್ಯ ಮನೆತನಗಳ ಪ್ರತಿಭಾವಂತ ಹುಡುಗರು ಇಂಥ ಅಲಿಖಿತ ನಿಯಮಗಳು ತಿಳಿಯದೆ ಹಿಂದೆ ಬೀಳುತ್ತಿದ್ದರು. ಕಪ್ಪು ಆಕ್ಸ್‌ಫರ್ಡ್ ಎಲ್ಲೆಡೆ ಸಲ್ಲುತ್ತದೆ ಎಂದು ಹೇಳುವವರು, ಒಂದು ಊರಿನ ಒಂದು ವೃತ್ತಿಯ ಒಂದು ವರ್ಗದವರು ಬೇಲಿಯಾಗಿ ಬಳಸಿದ ನಿಯಮವನ್ನು ಅರಿವಿಲ್ಲದೆ ಸಾರ್ವತ್ರಿಕ ಸತ್ಯವೆಂದು ಸಾರುತ್ತಿದ್ದಾರೆ. ಸೊಗಸಿನ ಉಡುಪಿಗೆ ಹೆಸರಾದ ಇಟಲಿಯಲ್ಲಿ ಕಡುನೀಲಿ ಸೂಟಿಗೆ ಕಂದು ಶೂ ತೊಡುವುದೇ ವಾಡಿಕೆಯಾಗಿದ್ದರೂ ಆ ಉದಾಹರಣೆ ಇವರ ಕಣ್ಣಿಗೆ ಬೀಳುವುದಿಲ್ಲ.

ಭಾರತದಲ್ಲಿ ಈ ಕಟ್ಟುಪಾಡಿಗೆ ಇನ್ನೊಂದು ಆಸರೆ ಸಿಕ್ಕಿತು. ಅದು ಶಾಲೆಯ ಸಮವಸ್ತ್ರ. ಕಲ್ಕತ್ತೆಯ ಬಳಿ 1930ರ ದಶಕದಲ್ಲಿ ಬಾಟಾ ಶೂ ಕಂಪನಿಯ ಕಾರ್ಖಾನೆಯ ಊರಾದ ಬಾಟಾನಗರ ಎದ್ದ ಮೇಲೆ ಕಾರ್ಖಾನೆಯ ಶೂ ಮಧ್ಯಮವರ್ಗದ ಮನೆಗಳಿಗೆ ಬಂದಿತು. ಮುಂದೆ ಸೋಮವಾರದ ಪ್ರಾರ್ಥನೆಯಲ್ಲಿ ಸಾಲಾಗಿ ನಿಂತ ಮಕ್ಕಳ ಕಾಲಿನ ಪಾಲಿಶ್ ಪರೀಕ್ಷಿಸುವುದು ದೈಹಿಕ ಶಿಕ್ಷಣದ ಮೇಷ್ಟರ ಕೆಲಸಗಳಲ್ಲಿ ಒಂದಾಯಿತು. ಶಿಸ್ತೆಂದರೆ ಕಪ್ಪು ಶೂ, ಶಿಸ್ತು ಸಡಿಲಿಸಿದ ದಿನ ಬಿಳಿ ಕ್ಯಾನ್ವಾಸು ಎಂದು ಹತ್ತು ವರ್ಷ ಕಲಿತವನು ಕಚೇರಿಗೆ ಹೊರಟಾಗ ಮೂರನೆಯ ಬಣ್ಣವೊಂದಿದೆ ಎಂದು ಯೋಚಿಸದಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕಚೇರಿ ಮಾತ್ರ ಅಲ್ಲೇ ನಿಲ್ಲಲಿಲ್ಲ. ಹವಾಯಿಯಲ್ಲಿ 1960ರ ದಶಕದಲ್ಲಿ ಶುಕ್ರವಾರದ ಮಟ್ಟಿಗೆ ಹೂವಿನ ಅಂಗಿಗೆ ಸಿಕ್ಕ ಅನುಮತಿ ಅಮೆರಿಕದ ಮುಖ್ಯಭೂಮಿಗೆ ಹಬ್ಬಿತು. 1992ರಲ್ಲಿ ಲೀವೈಸ್ ಕಂಪನಿ ತನ್ನ ಡಾಕರ್ಸ್ ಚಿನೋಗಳನ್ನು ಮಾರುವ ಉದ್ದೇಶದಿಂದಲೇ ಕಚೇರಿಯ ಸಡಿಲ ಉಡುಪಿನ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಸಾವಿರಾರು ಸಿಬ್ಬಂದಿ ಅಧಿಕಾರಿಗಳಿಗೆ ಕಳಿಸಿತು. ಬೆಂಗಳೂರಿನ ಇನ್ಫೋಸಿಸ್ 2015ರಲ್ಲಿ ತನ್ನ ಉಡುಪಿನ ನಿಯಮವನ್ನು ಸಡಿಲಿಸಿತು; ಸೂಟಿನ ಕೊನೆಯ ಕೋಟೆಗಳಲ್ಲಿ ಒಂದೆನಿಸಿದ್ದ ಗೋಲ್ಡ್‌ಮನ್ ಸ್ಯಾಕ್ಸ್ ಕೂಡ 2019ರಲ್ಲಿ ಅದೇ ಹಾದಿ ಹಿಡಿಯಿತು. ಟೈ ಹೋಯಿತು, ಕೋಟು ಕುರ್ಚಿಯ ಬೆನ್ನಿಗೆ ಹೋಯಿತು, ಪ್ಯಾಂಟಿನ ಬಟ್ಟೆ ಉಣ್ಣೆಯಿಂದ ಹತ್ತಿಗೆ ಬಂತು. ಶೂವಿನ ಬಗೆಗಿನ ಸಲಹೆ ಮಾತ್ರ ಟೈ ಇದ್ದ ಕಾಲದಲ್ಲೇ ಕುಳಿತಿದೆ.

ಸೌಂದರ್ಯದ ಮಾತನ್ನು ಪಕ್ಕಕ್ಕಿಟ್ಟರೂ ಪಾದದ ಮಾತು ಉಳಿಯುತ್ತದೆ, ಮತ್ತು ಅದು ಹೆಚ್ಚು ನಿರ್ಣಾಯಕವಾದದ್ದು. ಬೆಲ್ಜಿಯಂನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬರಿಗಾಲಲ್ಲಿ ನಡೆದು ಬೆಳೆದ ಭಾರತೀಯರು, ಪಾದರಕ್ಷೆ ತೊಟ್ಟು ಬೆಳೆದ ಭಾರತೀಯರು ಮತ್ತು ಪಾಶ್ಚಾತ್ಯರು ಎಂಬ ಮೂರು ಗುಂಪುಗಳ ಪಾದಗಳನ್ನು ಹೋಲಿಸಿದಾಗ, ಪಾಶ್ಚಾತ್ಯರ ಪಾದ ಎರಡೂ ಭಾರತೀಯ ಗುಂಪುಗಳಿಗಿಂತ ಎದ್ದು ಕಾಣುವಷ್ಟು ಸಪೂರವಾಗಿತ್ತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಕೊನೆಯಿಂದ 2022ರ ಮಾರ್ಚಿನವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದು, ಭಾರತೀಯರ ಪಾದದ ಅಗಲಕ್ಕೆ ಬ್ರಿಟಿಷ್ ಅಳತೆಗಳು ಸರಿಹೊಂದುವುದಿಲ್ಲ ಎಂಬ ಕಾರಣಕ್ಕೆ ಭ ಎಂಬ ಹೊಸ ಅಳತೆಯ ವ್ಯವಸ್ಥೆಯನ್ನು ಸೂಚಿಸಿದೆ. ಅಗಲವಾದ, ಮುಂಗಾಲು ಎತ್ತರವಾದ ಪಾದಕ್ಕೆ ಆಕ್ಸ್‌ಫರ್ಡ್ ತೊಡಿಸಿದಾಗ ಏನಾಗುತ್ತದೆ ಎಂಬುದನ್ನು ಯಾವ ಕಚೇರಿಯ ಲಿಫ್ಟಿನಲ್ಲಾದರೂ ತಲೆ ತಗ್ಗಿಸಿ ನೋಡಬಹುದು: ಕೂಡಿಕೊಳ್ಳಬೇಕಾದ ಎರಡು ಅಂಚುಗಳು ಬೆರಳಗಲ ದೂರ ನಿಂತು, ನಡುವೆ ಒಳನಾಲಿಗೆಯ ಚರ್ಮ ಇಣುಕಿ, ಲೇಸುಗಳು ಏಣಿಯ ಮೆಟ್ಟಿಲುಗಳಾಗಿರುತ್ತವೆ, ಹೊಲಿಗೆಯ ಬುಡದಲ್ಲಿ ಚರ್ಮ ಎಳೆದುಕೊಂಡು ಸುಕ್ಕುಗಟ್ಟಿರುತ್ತದೆ. ಯಾವ ನಯಕ್ಕಾಗಿ ಆಕ್ಸ್‌ಫರ್ಡ್ ಕೊಂಡರೋ ಆ ನಯವೇ ಅಲ್ಲಿ ಮೊದಲು ನಾಶವಾಗುತ್ತದೆ. ಅಂಗಡಿಯವರು ಇದಕ್ಕೆ ಒಂದು ಅಳತೆ ದೊಡ್ಡದು ಕೊಡುತ್ತಾರೆ. ಆಗ ಅಗಲ ಸರಿಹೋಗಿ ಹಿಮ್ಮಡಿ ಜಾರತೊಡಗುತ್ತದೆ. ಡರ್ಬಿಯ ತೆರೆದ ಬಾಯಿಗೆ ಈ ತೊಂದರೆಯೇ ಇಲ್ಲ, ಅದರ ಅಂಚುಗಳು ದೂರ ನಿಲ್ಲುವುದು ದೋಷವಲ್ಲ, ರಚನೆ.

ಇನ್ನು ಆಕ್ಸ್‌ಫರ್ಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ದೊರೆಯುವ ವಸ್ತುವಿನ ಕಡೆಗೂ ನೋಡಬೇಕು, ಏಕೆಂದರೆ ಸಲಹೆ ಕೊಡುವವರ ಮನಸ್ಸಿನಲ್ಲಿರುವುದು ಇಂಗ್ಲೆಂಡಿನ ನಾರ್ತಾಂಪ್ಟನ್ನಿನಲ್ಲಿ ಚರ್ಚ್ಸ್ ಅಥವಾ ಕ್ರಾಕೆಟ್ ಅಂಡ್ ಜೋನ್ಸ್ ಹೊಲಿದ ಶೂ. ಸಲಹೆ ಕೇಳಿದವನು ಕೊಳ್ಳುವುದು ಮಾಲಿನ ರಿಯಾಯಿತಿ ಕಟ್ಟೆಯ ಮೇಲಿನ ಶೂ. ಎರಡನೆಯದರ ಹೊಳಪು ಪಾಲಿಶಿನದಲ್ಲ. ಗಾಯ, ಕಲೆಗಳಿರುವ ಚರ್ಮದ ಮೇಲ್ಮೈಯನ್ನು ಉಜ್ಜಿ ತೆಗೆದು, ಅದರ ಮೇಲೆ ಬಣ್ಣ ಬೆರೆತ ಪ್ಲಾಸ್ಟಿಕ್ ಪದರವನ್ನು ಹರಡಿ, ಚರ್ಮದ ರಂಧ್ರಗಳಂತೆ ಕಾಣುವ ಅಚ್ಚೊತ್ತಿರುತ್ತಾರೆ. ಇದನ್ನು ತಿದ್ದಿದ ಮೇಲ್ಮೈಯ ಚರ್ಮ ಎಂಬರ್ಥದಲ್ಲಿ ಕರೆಕ್ಟೆಡ್ ಗ್ರೇನ್ ಎನ್ನುತ್ತಾರೆ. ಬೆರಳುಗಳ ಬುಡದಲ್ಲಿ ಶೂ ಬಾಗುವ ಜಾಗದಲ್ಲಿ ಒಳ್ಳೆಯ ಚರ್ಮ ಮೆತ್ತನೆಯ ಅಲೆಗಳಾಗಿ ಮಡಿಯುತ್ತದೆ. ಈ ಲೇಪ ಮಾತ್ರ ಕೆಲವು ತಿಂಗಳಲ್ಲಿ ಕೂದಲೆಳೆಯ ಬಿರುಕುಗಳಾಗಿ ಒಡೆಯುತ್ತದೆ, ಮತ್ತು ಪಾಲಿಶ್ ಒಳಗಿಳಿಯದ ಕಾರಣ ಆ ಬಿರುಕುಗಳು ಮುಚ್ಚುವುದಿಲ್ಲ. ಕಪ್ಪು ಬಣ್ಣವೇ ಇಂಥ ಚರ್ಮದ ಆಶ್ರಯ. ಕಂದಿನಲ್ಲಿ ಕಳಪೆ ಚರ್ಮ ಬಳಿದ ಬಾಗಿಲಿನ ಹಾಗೆ ಏಕಪ್ರಕಾರವಾಗಿ ಕಂಡು ತನ್ನ ಬಂಡವಾಳ ತಾನೇ ಹೇಳಿಬಿಡುತ್ತದೆ. ಕಪ್ಪಿನಲ್ಲಿ ಅದು ಅಂಗಡಿಯಿಂದ ಮನೆ ಸೇರುವವರೆಗೆ ಸಿಕ್ಕಿಬೀಳುವುದಿಲ್ಲ.

ಅಟ್ಟೆಯ ಕಥೆ ಇನ್ನೂ ಕೆಟ್ಟದ್ದು. ಹಗುರವಾಗಿರಲೆಂದು ಅನೇಕ ಫಾರ್ಮಲ್ ಶೂಗಳಿಗೆ ಪಾಲಿಯುರಿಥೇನ್ ಎಂಬ ನೊರೆಯಂಥ ಪ್ಲಾಸ್ಟಿಕ್ಕಿನ ಅಟ್ಟೆ ಹಾಕುತ್ತಾರೆ. ಅಂಗಡಿಯ ಭಾಷೆಯಲ್ಲಿ ಪಿಯು ಸೋಲ್. ಗಾಳಿಯ ತೇವಾಂಶ ಈ ವಸ್ತುವಿನ ಅಣುಗಳ ಬಂಧವನ್ನು ನಿಧಾನವಾಗಿ ಕಡಿಯುತ್ತದೆ, ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಲವಿಭಜನೆ ಎಂದು ಹೆಸರು. ತೊಟ್ಟು ನಡೆದರೂ ಸರಿ, ಡಬ್ಬಿಯಲ್ಲಿ ಜೋಪಾನವಾಗಿಟ್ಟರೂ ಸರಿ, ಅದು ನಡೆಯುತ್ತಲೇ ಇರುತ್ತದೆ. ವಿಶೇಷ ಸಂದರ್ಭಕ್ಕೆಂದು ಕಪ್ಪು ಆಕ್ಸ್‌ಫರ್ಡನ್ನು ಮಂಚದ ಕೆಳಗೆ ಎತ್ತಿಟ್ಟವನು ಕೆಲವು ವರ್ಷಗಳ ಮೇಲೆ ತಮ್ಮನ ಆರತಕ್ಷತೆಗೆ ಅದನ್ನು ತೊಟ್ಟು ಹೋದರೆ, ಛತ್ರದ ನೆಲದ ಮೇಲೆ ಹಿಂದಿನಿಂದ ಕಪ್ಪು ಪುಡಿ ಉದುರುತ್ತ ಬರುವುದು ಈ ಕಾರಣಕ್ಕೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದು ಇನ್ನೂ ಬೇಗ. ಅಂದರೆ ಅಪರೂಪಕ್ಕೆ ತೊಡುವ ಶೂವನ್ನು ಬಹೂಪಯೋಗಿ ಎಂದು ಕೊಳ್ಳುವುದು ರುಚಿಯ ದೃಷ್ಟಿಯಿಂದಷ್ಟೇ ಅಲ್ಲ, ಹಣದ ದೃಷ್ಟಿಯಿಂದಲೂ ನಷ್ಟ.

ಕಡುಕಂದು ಡರ್ಬಿಯ ವಿರುದ್ಧ ಹೂಡಬಹುದಾದ ಆಕ್ಷೇಪಗಳಲ್ಲಿ ಗಂಭೀರವಾದದ್ದು ಒಂದೇ. ಈ ನಾಡಿನ ಕಚೇರಿಗಳಲ್ಲಿ ಕಪ್ಪು ಪ್ಯಾಂಟು ತೊಡುವವರೇ ಬಹಳ, ಅದರ ಕೆಳಗೆ ಕಂದು ಶೂ ಒಪ್ಪುವುದಿಲ್ಲ ಎನ್ನುವುದು ಆ ಆಕ್ಷೇಪ. ಒಪ್ಪುವುದಿಲ್ಲ ಎಂಬುದು ಸರಿ. ಆದರೆ ಆ ಕಪ್ಪು ಪ್ಯಾಂಟನ್ನು ಕೊಳ್ಳುವಾಗ, ಇರುವ ಶೂ ಮತ್ತು ಬೆಲ್ಟು ಕಪ್ಪು ಎಂಬುದೇ ಕಾರಣವಾಗಿರುತ್ತದೆ. ಪ್ಯಾಂಟಿಗೆ ಶೂ ಸಾಕ್ಷಿ, ಶೂವಿಗೆ ಪ್ಯಾಂಟು ಸಾಕ್ಷಿ ಎಂಬ ಈ ಸುತ್ತುವಾದದಲ್ಲಿ ಮೂರನೆಯ ಸಾಕ್ಷಿ ಇಲ್ಲ. ಕಪ್ಪು ಪ್ಯಾಂಟನ್ನು ಬಿಡಲಾರೆ ಎನ್ನುವವನು ಕಪ್ಪು ಶೂವನ್ನೇ ಕೊಳ್ಳಲಿ, ಆದರೆ ಆಗಲೂ ಡರ್ಬಿಯನ್ನೇ ಕೊಳ್ಳಲಿ. ಸಂದರ್ಶಕ ಮೇಜಿನ ಆಚೆಯಿಂದ ಕ್ವಾರ್ಟರುಗಳ ಹೊಲಿಗೆಯನ್ನು ಪರೀಕ್ಷಿಸುವುದಿಲ್ಲ. ಕಪ್ಪು ಕೋಟಿನ ವಕೀಲರು, ಹೋಟೆಲಿನ ಮುಂಗಟ್ಟೆಯಲ್ಲಿ ನಿಲ್ಲುವವರು, ವಿಮಾನದ ಸಿಬ್ಬಂದಿ ಮೊದಲಾಗಿ ಉದ್ಯೋಗವೇ ಬಣ್ಣವನ್ನು ನಿಗದಿ ಮಾಡಿರುವವರಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. ಮದುವೆಗೆ ಬೇಕಲ್ಲ ಎಂಬ ಮಾತೂ ಕೇಳಿಬರುತ್ತದೆ. ಮುಹೂರ್ತಕ್ಕೆ ಪಂಚೆ, ಶಲ್ಯದೊಡನೆ ಯಾವ ಶೂವೂ ಸಲ್ಲದು. ಅಲ್ಲಿ ಸಲ್ಲುವುದು ಅಥಣಿಯ ಕಡೆ ಕೈಯಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿ; ಅದಕ್ಕೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದಷ್ಟೇ ಪಾಲು ಕರ್ನಾಟಕದ ಜಿಲ್ಲೆಗಳಿಗೂ ಇದೆ. ಆರತಕ್ಷತೆಯ ಸೂಟು ಕಡುನೀಲಿಯಾಗಿದ್ದರೆ ಕಡುಕಂದು ಸಾಕು.

ಎರಡನೆಯ ಜೊತೆಗೆ ಹಣ ಒದಗಿದಾಗಲೂ ಸರದಿ ಆಕ್ಸ್‌ಫರ್ಡ್‌ನದಲ್ಲ, ಲೋಫರಿನದು. ಲೇಸಿಲ್ಲದೆ ಕಾಲು ತೂರಿಸುವ ಈ ಶೂ ನಾರ್ವೆಯ ಹಳ್ಳಿಗಳ ಪಾದರಕ್ಷೆಯಿಂದ ಬಂದದ್ದು, ಅಮೆರಿಕದ ಜಿ.ಎಚ್. ಬಾಸ್ ಕಂಪನಿ 1936ರಲ್ಲಿ ಅದನ್ನು ಅಲ್ಲಿನ ವಿದ್ಯಾರ್ಥಿಗಳ ಕಾಲಿಗೆ ತಂದಿತು, ಗುಚ್ಚಿ 1953ರಲ್ಲಿ ಅದರ ಮೇಲೆ ಕುದುರೆಯ ಕಡಿವಾಣದ ಲೋಹದ ತುಂಡು ಕೂರಿಸಿ ಸೂಟಿನ ಹತ್ತಿರಕ್ಕೆ ಒಯ್ದಿತು. ಮನೆಯ ಹೊಸ್ತಿಲಲ್ಲಿ, ದೇವಸ್ಥಾನದ ಹೊರಗೆ, ಎಷ್ಟೋ ಸಲ ಡಾಕ್ಟರ ಕೋಣೆಯ ಬಾಗಿಲಲ್ಲೂ ಶೂ ಕಳಚಬೇಕಾದ ನಾಡಿನಲ್ಲಿ, ಬಗ್ಗಿ ಐದು ಜೊತೆ ತೂತುಗಳಿಂದ ಲೇಸು ಸಡಿಲಿಸುವ ಶೂವನ್ನು ಅನುಕೂಲಕರವೆಂದು ಶಿಫಾರಸು ಮಾಡುವವರು ಇಲ್ಲಿ ಬದುಕಿದವರಲ್ಲ ಎನಿಸುತ್ತದೆ. ಎರಡು ಜೊತೆ ಇದ್ದರೆ ಇನ್ನೊಂದು ಲಾಭವೂ ಇದೆ, ದಿನವಿಡೀ ಹೀರಿದ ಬೆವರು ಆರಲು ಚರ್ಮಕ್ಕೆ ಒಂದು ದಿನದ ಬಿಡುವು ಸಿಗುತ್ತದೆ. ಆಕ್ಸ್‌ಫರ್ಡ್‌ನ ಮೇಲುಭಾಗಕ್ಕೆ ಬಿಳಿ ಸ್ನೀಕರಿನ ದಪ್ಪ ಅಟ್ಟೆ ಅಂಟಿಸಿದ ಈಚಿನ ಮಿಶ್ರತಳಿಯನ್ನು ಕೆಲವರು ಒಂದೇ ಶೂ ಎಲ್ಲೆಡೆ ಸಲ್ಲಬೇಕೆಂಬ ಸಮಸ್ಯೆಗೆ ಪರಿಹಾರವೆಂದು ಹೊಗಳುತ್ತಾರೆ. ಅದು ಸೂಟಿಗೂ ಒಪ್ಪದೆ ಜೀನ್ಸಿಗೂ ಒಪ್ಪದೆ ನಡುವೆ ನಿಂತಿರುವುದರಿಂದ ಹೆಚ್ಚು ಹೇಳುವ ಅಗತ್ಯವಿಲ್ಲ.

ಕಂದು ಎಂದೊಡನೆ ಅಂಗಡಿಯವರು ತೆಗೆದಿಡುವುದು ಟ್ಯಾನ್ ಎಂಬ, ಕಿತ್ತಳೆಯತ್ತ ವಾಲುವ ತಿಳಿಕಂದನ್ನು. ಕಪ್ಪಿನಿಂದ ಬೇಸತ್ತವರು ನೇರವಾಗಿ ಅದಕ್ಕೆ ಹಾರಿ, ಅದು ಬೂದು ಪ್ಯಾಂಟಿನ ಕೆಳಗೆ ಕೂಗಾಡುವುದನ್ನು ಕಂಡು, ಕಂದು ತಮಗೆ ಆಗಿಬರುವುದಿಲ್ಲವೆಂದು ತೀರ್ಮಾನಿಸಿ ಮತ್ತೆ ಕಪ್ಪಿಗೆ ಮರಳುತ್ತಾರೆ. ಕಪ್ಪು ಆಕ್ಸ್‌ಫರ್ಡ್ ಇಷ್ಟು ಕಾಲ ಬಾಳಿರುವುದರಲ್ಲಿ ಈ ಟ್ಯಾನಿನ ಪಾಲೂ ಇದೆ. ಇಲ್ಲಿ ಹೇಳುತ್ತಿರುವ ಕಡುಕಂದು ಹುರಿದ ಕಾಫಿಬೀಜದ ಬಣ್ಣದ್ದು: ಅಂಗಡಿಯ ಒಳಗೆ ದೀಪದ ಕೆಳಗೆ ಬಹುಮಟ್ಟಿಗೆ ಕಪ್ಪೆಂದೇ ತೋರಬೇಕು, ಬಾಗಿಲಿನ ಹೊರಗೆ ಬಿಸಿಲಿಗೆ ಹಿಡಿದಾಗ ಕಂದು ಕಾಣಿಸಬೇಕು. ಶೂವಿನ ಒಂದು ಕಾಲನ್ನು ಹಾಗೆ ಹೊರಗೆ ಒಯ್ದು ನೋಡಲು ಯಾವ ಅಂಗಡಿಯವರೂ ಅಡ್ಡಿ ಮಾಡುವುದಿಲ್ಲ. ಅದೇ ಬಿಸಿಲಲ್ಲಿ ಶೂವನ್ನು ಬೆರಳುಗಳ ಬುಡದ ಜಾಗದಲ್ಲಿ ಸ್ವಲ್ಪ ಬಗ್ಗಿಸಿ ಚರ್ಮ ಹೇಗೆ ಮಡಿಯುತ್ತದೆ ಎಂದು ನೋಡಿಕೊಂಡು, ಅಡಿಯನ್ನು ತಿರುಗಿಸಿ ಅಟ್ಟೆ ರಬ್ಬರಿನದೋ ಪಿಯುವಿನದೋ ಎಂದು ವಿಚಾರಿಸಿ, ಪಾದ ದಿನದ ನಡಿಗೆಯಿಂದ ಉಬ್ಬಿರುವ ಸಂಜೆಯ ಹೊತ್ತಿನಲ್ಲೇ ಎರಡೂ ಕಾಲಿಗೆ ತೊಟ್ಟು ನಾಲ್ಕು ಹೆಜ್ಜೆ ನಡೆದ ಮೇಲೆ ಹಣ ಕೊಟ್ಟರಾಯಿತು.